ರಾಗಿ ಬಿಸ್ಕತ್ತೋ, ರಾಗಿ ಹುರಿಹಿಟ್ಟೋ? ನಮ್ಮ ಅಡುಗೆಮನೆಗೊಂದು ಹೋಲಿಕೆಯ ಮಾರ್ಗದರ್ಶಿ

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲೆ ಅಂಗಡಿಗಳಲ್ಲಿ ರಾಗಿಗೆ ಭಾರಿ ಮರ್ಯಾದೆ. ರಾಗಿ ಬಿಸ್ಕತ್ತು, ರಾಗಿ ಚಿಪ್ಸ್, ರಾಗಿ ನೂಡಲ್ಸ್, ರಾಗಿ ಫ್ಲೇಕ್ಸ್. ಬಡವರ ಊಟ ಅಂತ ಮೂಗು ಮುರಿಯುತ್ತಿದ್ದವರೂ ಈಗ ಕೇಳಿದಷ್ಟು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಾಗಾದರೆ ರಾಗಿ ಬಿಸ್ಕತ್ತು ಯಾವ ಕಡೆಗೆ ಸೇರಿತು? ನಮ್ಮೂರ ಊಟದ ಕಡೆಗೋ, ಫ್ಯಾಕ್ಟರಿ ತಿಂಡಿಯ ಕಡೆಗೋ?

ಎಲ್ಲ ಬಿಟ್ಟು ಅಜ್ಜಿಯ ಕಾಲಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ. ಆ ಕಾಲದಲ್ಲಿ ಒರಳು, ಬೀಸುವ ಕಲ್ಲು, ಒಲೆಯ ಹೊಗೆ ಎಲ್ಲವೂ ಹೆಂಗಸರ ಪಾಲಿಗೇ ಇತ್ತು. ಅದನ್ನು ಮರೆತು ಹಳೆಯ ಊಟವನ್ನು ಹೊಗಳುವವರು ಸಾಮಾನ್ಯವಾಗಿ ಒಲೆ ಮುಂದೆ ನಿಲ್ಲದವರು. ಅದಕ್ಕೇ ಇಲ್ಲಿ ಆರೋಗ್ಯದ ಜೊತೆ ಸಮಯವನ್ನೂ ದುಡ್ಡನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ. ಕೆಲವು ಕಡೆ ಹೊಸದೇ ಗೆಲ್ಲುತ್ತದೆ. ಅದನ್ನೂ ಹೇಳುತ್ತೇನೆ.

ಪೊಟ್ಟಣದ ಬೆನ್ನಲ್ಲಿ ಏನಿದೆ

ಒಂದು ರಾಗಿ ಬಿಸ್ಕತ್ತಿನ ಪೊಟ್ಟಣ ಕೈಗೆ ತೆಗೆದುಕೊಳ್ಳಿ. ಮುಂದೆ ರಾಗಿ ತೆನೆಯ ದೊಡ್ಡ ಚಿತ್ರ ಇರುತ್ತದೆ. ತಿರುಗಿಸಿ, ಪದಾರ್ಥಗಳ ಪಟ್ಟಿ ಓದಿ. ನಮ್ಮ ದೇಶದ ನಿಯಮದ ಪ್ರಕಾರ ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು, ಕಡಿಮೆ ಇರುವುದು ಕೊನೆಗೆ. ಎಷ್ಟೋ ಪೊಟ್ಟಣಗಳಲ್ಲಿ ಮೊದಲು ಬರುವುದು 'ರಿಫೈನ್ಡ್ ವೀಟ್ ಫ್ಲೋರ್', ಅಂದರೆ ನಮ್ಮ ಮೈದಾ. ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ಅದರ ನಂತರ ತಲೆ ಹಾಕುತ್ತದೆ. ಹೆಸರಲ್ಲೋ ಚಿತ್ರದಲ್ಲೋ ರಾಗಿಯನ್ನು ಎತ್ತಿ ತೋರಿಸಿದರೆ ಅದು ಶೇಕಡಾ ಎಷ್ಟಿದೆ ಅಂತಲೂ ಬರೆಯಬೇಕು ಎಂಬ ನಿಯಮ ಇದೆ. ಆ ಅಂಕಿಯನ್ನು ಹುಡುಕಿ. ಸಣ್ಣ ಅಕ್ಷರದಲ್ಲಿರುತ್ತದೆ, ಆದರೆ ಇರುತ್ತದೆ. ಅದು ಅರ್ಧಕ್ಕಿಂತ ಕಡಿಮೆ ಇದ್ದರೆ ನೀವು ಕೊಳ್ಳುತ್ತಿರುವುದು ರಾಗಿ ಬೆರೆಸಿದ ಮೈದಾ ಬಿಸ್ಕತ್ತು ಅಷ್ಟೇ.

ಈ ವಿಷಯದಲ್ಲಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಒಂದು ವರ್ಗೀಕರಣ ಇದೆ, 'ನೋವಾ' ಅಂತ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಅವರ ತಂಡ ಮಾಡಿದ್ದು. ಅದು ಆಹಾರವನ್ನು ನಾಲ್ಕು ಗುಂಪು ಮಾಡುತ್ತದೆ. ಅಕ್ಕಿ, ರಾಗಿ, ಬೇಳೆ, ಹಾಲು, ಸೊಪ್ಪು ಮೊದಲನೆಯದು. ಎಣ್ಣೆ, ಉಪ್ಪು, ಬೆಲ್ಲ, ಸಕ್ಕರೆಯಂಥ ಅಡುಗೆ ಸಾಮಾನು ಎರಡನೆಯದು. ಇವೆರಡನ್ನೂ ಬೆರೆಸಿ ಸರಳವಾಗಿ ಕೆಡದಂತೆ ಮಾಡಿದ ಉಪ್ಪಿನಕಾಯಿಯಂಥದ್ದು ಮೂರನೆಯದು. ಮನೆಯಲ್ಲಿ ಯಾರೂ ಇಡದ ಎಮಲ್ಸಿಫೈಯರ್, ಫ್ಲೇವರ್, ಬಣ್ಣ, ಮಾಲ್ಟೋಡೆಕ್ಸ್ಟ್ರಿನ್ ಸೇರಿಸಿ ಕಾರ್ಖಾನೆಯಲ್ಲೇ ಕಟ್ಟಿದ್ದು ನಾಲ್ಕನೆಯದು. ತೊಂದರೆ ಇರುವುದು ಮುಖ್ಯವಾಗಿ ಈ ನಾಲ್ಕನೆಯದರಲ್ಲಿ.

ಯಾಕೆ ತೊಂದರೆ? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಒಂದು ಪ್ರಯೋಗ ಮಾಡಿತು. ಎರಡು ವಾರ ಕಾರ್ಖಾನೆಯ ಊಟ, ಎರಡು ವಾರ ಸಾದಾ ಊಟ. ಮುಂದಿಟ್ಟ ತಟ್ಟೆಗಳಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಎಲ್ಲ ಹೆಚ್ಚುಕಡಿಮೆ ಸಮ. ಬೇಕಾದಷ್ಟು ತಿನ್ನಿ ಅಂತ ಬಿಟ್ಟರು. ಕಾರ್ಖಾನೆಯ ಊಟದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತೂಕ ಸುಮಾರು 900 ಗ್ರಾಂ ಏರಿತು. ಮೆತ್ತಗಿರುವುದನ್ನು ಬೇಗ ಬೇಗ ತಿಂದುಬಿಡುತ್ತೇವೆ, ಹೊಟ್ಟೆ ತುಂಬಿತು ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಬಿಸ್ಕತ್ತಿನ ಪೊಟ್ಟಣ ಹೇಗೆ ಖಾಲಿಯಾಯಿತು ಅಂತಲೇ ಗೊತ್ತಾಗಲ್ಲ ಅಲ್ವಾ? ಮುದ್ದೆಯ ವಿಷಯದಲ್ಲಿ ಹಾಗಾಗುವುದು ಕಷ್ಟ.

ನಮ್ಮಲ್ಲೂ 'ಇನ್‌ಸ್ಟಂಟ್' ಇತ್ತು

"ಮಾಡೋಕೆ ಟೈಮ್ ಎಲ್ಲಿದೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಒಂದು ವಿಷಯ ಮರೆತಿದ್ದೇವೆ. ಒಲೆ ಹಚ್ಚದೆ ತಿನ್ನುವ ಆಹಾರ ನಮ್ಮಲ್ಲಿ ಮೊದಲಿಂದಲೂ ಇದೆ. ಹುರಿಹಿಟ್ಟು, ಅವಲಕ್ಕಿ, ಮಂಡಕ್ಕಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಹೊಲಕ್ಕೆ ಹೋಗುವವರಿಗೆ, ದೂರದ ಜಾತ್ರೆಗೆ ಗಾಡಿ ಕಟ್ಟುವವರಿಗೆ ಬುತ್ತಿಯೇ ಇದು. ಬದಲಾವಣೆ ಶುರು ಮಾಡುವವರು ಒತ್ತು ಶಾವಿಗೆಯಿಂದ, ಒಬ್ಬಟ್ಟಿನಿಂದ ಶುರು ಮಾಡಿ ಸುಸ್ತಾಗುತ್ತಾರೆ. ಇವುಗಳಿಂದ ಶುರು ಮಾಡಿ ನೋಡಿ.

ಹುರಿಹಿಟ್ಟನ್ನೇ ತೆಗೆದುಕೊಳ್ಳೋಣ. ರಾಗಿಯನ್ನು ನೆನೆಸಿ, ನೀರು ಬಸಿದು, ಕಾದ ಬಾಣಲೆಯಲ್ಲೋ ಮರಳಲ್ಲೋ ಹುರಿದರೆ ಕಾಳು ಚಟಪಟ ಅಂತ ಬಿರಿದು ಬೆಳ್ಳಗೆ ಅರಳುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ಆಗಲೇ ಬೆಂದಿರುವುದರಿಂದ ಮತ್ತೆ ಬೇಯಿಸುವ ಕೆಲಸ ಇಲ್ಲ. ಬಟ್ಟಲಿಗೆ ನಾಲ್ಕು ಚಮಚ ಹಿಟ್ಟು, ಬಿಸಿ ಹಾಲು, ಚೂರು ಬೆಲ್ಲ, ತೆಂಗಿನತುರಿ. ಕಲಸಿದರೆ ಮುಗಿಯಿತು. ಸಿಹಿ ಬೇಡದವರಿಗೆ ಮಜ್ಜಿಗೆ, ಉಪ್ಪು, ಈರುಳ್ಳಿ. ಡಬ್ಬಿಯ ಸೀರಿಯಲ್‌ಗೆ ಹಾಲು ಸುರಿಯುವುದಕ್ಕಿಂತ ಒಂದು ನಿಮಿಷ ಜಾಸ್ತಿ ಆದೀತು.

ಮಕ್ಕಳಿಗೆ ಹಾಲಿಗೆ ಬೆರೆಸುವ ಮಾಲ್ಟ್ ಪುಡಿ ಕೊಡುವವರು ಇದನ್ನು ಗಮನಿಸಿ. 2024ರ ಏಪ್ರಿಲ್‌ನಲ್ಲಿ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅಂಥ ಹೆಸರಿನ ವರ್ಗವೇ ಕಾಯ್ದೆಯಲ್ಲಿ ಇಲ್ಲ. ಡಬ್ಬಿಯ ಹಿಂದೆ 100 ಗ್ರಾಂಗೆ ಎಷ್ಟು ಸಕ್ಕರೆ ಎಂಬ ಸಾಲು ನೋಡಿ. ಬದಲಿಗೆ ಮೊಳಕೆ ರಾಗಿಯ ಮಾಲ್ಟ್ ಇದೆ. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಬರುತ್ತದೆ. ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಗಿರಣಿಗೆ ಕೊಡಿ. ಮೊಳಕೆ ಬರುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಮೊಳಕೆ ಹಿಟ್ಟಿನ ಗಂಜಿ ಗಟ್ಟಿಯಾಗದೆ ತೆಳ್ಳಗೆ ಉಳಿಯುತ್ತದೆ, ಅಷ್ಟೇ ಬಟ್ಟಲಿನಲ್ಲಿ ಮಗುವಿಗೆ ಜಾಸ್ತಿ ಹಿಟ್ಟು ಸೇರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ದೇಹಕ್ಕೆ ಸೇರದಂತೆ ಹಿಡಿದಿಡುವ ಫೈಟೇಟ್ ಅಂಶವೂ ಕಡಿಮೆಯಾಗುತ್ತದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿರುವುದು ಸುಮ್ನೆ ಅಲ್ಲ.

ಕಡಕ್ ರೊಟ್ಟಿ ಇನ್ನೊಂದು. ಕಲಬುರಗಿ, ವಿಜಯಪುರ ಕಡೆಯ ಮನೆಗಳಲ್ಲಿ ಬಡಿದು, ಸುಟ್ಟು, ಒಣಗಿಸಿ ಪೇರಿಸಿಡುತ್ತಾರೆ. ತೇವ ಹೋಗಿರುವುದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ. ಈಗ ಬೆಂಗಳೂರಿನಲ್ಲೂ ಪೊಟ್ಟಣದಲ್ಲಿ ಸಿಗುತ್ತದೆ. ಹಿಂದಿನ ಪಟ್ಟಿ ಓದಿದರೆ ಜೋಳದ ಹಿಟ್ಟು, ನೀರು, ಉಪ್ಪು. ಅದರ ಪಕ್ಕದಲ್ಲಿ 'ಮಲ್ಟಿಗ್ರೇನ್' ಬ್ರೆಡ್ ಇಡಿ, ಪಟ್ಟಿ ಎರಡು ಇಂಚು ಉದ್ದ, ಎಷ್ಟೋ ಸಲ ಮೊದಲಿಗೆ ಮೈದಾನೇ. ಎರಡೂ ಪೊಟ್ಟಣವೇ. ಆದರೆ ಒಂದರಲ್ಲಿ ಜೋಳ ಜೋಳವಾಗಿಯೇ ಉಳಿದಿದೆ. ಪೊಟ್ಟಣ ಕಂಡ ಕೂಡಲೇ ಓಡಬೇಕಾಗಿಲ್ಲ. ನಂದಿನಿ ಮೊಸರು, ಅಂಗಡಿಯ ದೋಸೆ ಹಿಟ್ಟು ಕೂಡ ಇದೇ ಸಾಲಿನವು. ಅಕ್ಕಿ, ಉದ್ದು ರುಬ್ಬಿ ಹುಳಿ ಬರಿಸಿದ ಹಿಟ್ಟು ಬೇರೆಯವರು ರುಬ್ಬಿಕೊಟ್ಟರೂ ಹುಳಿ ಹಿಟ್ಟೇ. ಸೋಡಾ, ಸಿಟ್ರಿಕ್ ಆಮ್ಲ ಹಾಕಿ ಹತ್ತು ನಿಮಿಷದಲ್ಲಿ ಇಡ್ಲಿ ಉಬ್ಬಿಸುವ ಪುಡಿಗೂ ಇದಕ್ಕೂ ವ್ಯತ್ಯಾಸ ಇದೆ.

ಓಟ್ಸ್ ಬಂದರೆ ರಾಗಿಗೆ ಅವಮಾನವೇ?

ಇಲ್ಲ. ಓಟ್ಸ್ ಬಗ್ಗೆ ನಮ್ಮಲ್ಲಿ ಸುಮ್ಮನೆ ಸಿಟ್ಟು ಇದೆ. ಸಾದಾ ಓಟ್ಸ್‌ನಲ್ಲಿ ರಾಗಿಗಿಂತ ಪ್ರೋಟೀನ್ ಜಾಸ್ತಿ, ಕೊಲೆಸ್ಟ್ರಾಲ್ ಇಳಿಸಲು ನೆರವಾಗುವ ಬೀಟಾ ಗ್ಲೂಕನ್ ಎಂಬ ನಾರು ಇದೆ. ರಾಗಿಯ ಬಲ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ.

ಬೆಲೆಯ ಮಾತಿಗೆ ಬಂದರೆ ರಾಗಿಗೆ ಎದುರಾಳಿ ಇಲ್ಲ. 2025-26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕಿಲೋಗೆ 50 ರೂಪಾಯಿಯೊಳಗೆ. ಅಂಗಡಿಗೆ ಬರುವಾಗ ಏರುತ್ತದೆ, ಸರಿ. ಆದರೂ ಓಟ್ಸ್, ಕಾರ್ನ್ ಫ್ಲೇಕ್ಸ್, ರಾಗಿ ಬಿಸ್ಕತ್ತುಗಳ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತಿರುಗಿಸಿ ನೋಡಿ. ಪೊಟ್ಟಣದ ಮೇಲೆ ಗ್ರಾಂಗೆ ಎಷ್ಟು ಎಂಬ ಬೆಲೆಯೂ ಈಗ ಇರುತ್ತದೆ, ಸಾವಿರದಿಂದ ಗುಣಿಸಿದರಾಯಿತು. ಇನ್ನೊಂದು ಮಾತು. ಈ ರಾಗಿ ದೇಶದಲ್ಲೇ ಅತಿ ಹೆಚ್ಚು ಬೆಳೆಯುವುದು ನಮ್ಮ ರಾಜ್ಯದಲ್ಲಿ. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟರು, ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ನಮ್ಮ ಅಪ್ಪಟ ದೇಸಿ ಊಟದಲ್ಲೂ ಸಮುದ್ರದಾಚೆಯ ಪಾಲಿದೆ!

ಹಾಗಾಗಿ ಓಟ್ಸ್ ಇಷ್ಟವಿದ್ದರೆ ಸಾದಾ ಓಟ್ಸ್ ತಿನ್ನಿ, ಮಸಾಲೆ ಬೆರೆಸಿದ ಪೊಟ್ಟಣ ಬೇಡ. ರಾಗಿ ವಿಷಯದಲ್ಲೂ ಒಂದು ಎಚ್ಚರಿಕೆ: ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಎಂಬುದು ಸುಳ್ಳು. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಹುರಿಹಿಟ್ಟು ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತವೆ. ಮಧುಮೇಹ ಇರುವವರು ಮುದ್ದೆಯ ಗಾತ್ರ ಸಣ್ಣ ಮಾಡಿ, ಜೊತೆಗೆ ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು ಜಾಸ್ತಿ ಮಾಡಿಕೊಳ್ಳುವುದು ಮೇಲು.

ಸಿರಿಧಾನ್ಯ ಕೊಳ್ಳುವಾಗ ಬಣ್ಣ ನೋಡಿ. ನವಣೆ, ಸಾಮೆ ಮುತ್ತಿನಂತೆ ಬಿಳಿ ಬಿಳಿ ಇದ್ದರೆ ತೌಡು ಪೂರ್ತಿ ಹೋಗಿದೆ, ಅಕ್ಕಿಗಿಂತ ದೊಡ್ಡ ಲಾಭ ಉಳಿದಿಲ್ಲ. ಅಕ್ಕಿ ತಿನ್ನುವವರು ಅಕ್ಕಿ ಬಿಡಬೇಕಾಗಿಯೂ ಇಲ್ಲ. ಕರಾವಳಿಯ ಕುಚ್ಚಲಕ್ಕಿ ಇದೆಯಲ್ಲ, ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವದಲ್ಲಿ ಒಂದಷ್ಟು ಕಾಳಿನೊಳಕ್ಕೆ ಇಳಿಯುತ್ತದೆ, ಮಿಲ್ಲಿಗೆ ಹೋದ ಮೇಲೂ ಉಳಿಯುತ್ತದೆ.

ಎಣ್ಣೆ: ಇಲ್ಲಿ ಉತ್ತರ ಸುಲಭವಲ್ಲ

ಗಾಣದ ಎಣ್ಣೆ ಈಗ ಫ್ಯಾಷನ್. ಕಾರ್ಖಾನೆಯ ರಿಫೈನ್ಡ್ ಎಣ್ಣೆಯನ್ನು ಬಹಳ ಸಲ ಹೆಕ್ಸೇನ್ ಎಂಬ ದ್ರಾವಕದಿಂದ ತೆಗೆದು, ಬಣ್ಣ ತೆಗೆದು, 200 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ವಾಸನೆ ತೆಗೆಯುತ್ತಾರೆ. ಗಾಣದ ಎಣ್ಣೆಯಲ್ಲಿ ಕಡಲೆಕಾಯಿಯ ಘಮ, ಇ ಜೀವಸತ್ವ ಹೆಚ್ಚು ಉಳಿಯುತ್ತದೆ. ರುಚಿಯಲ್ಲಿ ಗಾಣವೇ ಗೆಲ್ಲುತ್ತದೆ, ಒಗ್ಗರಣೆ ಹಾಕಿದ ಕೂಡಲೇ ಗೊತ್ತಾಗುತ್ತದೆ.

ಆದರೆ ಬೂಸ್ಟು ಹಿಡಿದ ಕಡಲೆಬೀಜವನ್ನು ಗಾಣಕ್ಕೆ ಹಾಕಿದರೆ ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಎಣ್ಣೆಗೂ ಬರುತ್ತದೆ. ರಿಫೈನಿಂಗ್‌ನಲ್ಲಿ ಅದು ಹೋಗುತ್ತದೆ, ಗಾಣದಲ್ಲಿ ಹೋಗುವುದಿಲ್ಲ. ಹಾಗಾಗಿ ಯಾವ ಗಾಣ, ಎಂಥ ಬೀಜ ಎಂಬುದು ಮುಖ್ಯ. ಬೀಜ ಆರಿಸುವುದನ್ನು ಕಣ್ಣಾರೆ ನೋಡಲು ಬಿಡುವ ಗಾಣದಿಂದ ತಿಂಗಳಿಗಾಗುವಷ್ಟೇ ತನ್ನಿ. ಅಂಥ ಗಾಣ ಹತ್ತಿರ ಇಲ್ಲದಿದ್ದರೆ ರಿಫೈನ್ಡ್ ಎಣ್ಣೆಯನ್ನೇ ಕಡಿಮೆ ಬಳಸಿ. ಎಣ್ಣೆಯ ನಗರ ಅಂತ ಹೆಸರಾದ ಚಳ್ಳಕೆರೆ ಕಡೆಯವರಿಗೆ ಕಡಲೆಕಾಯಿ ಎಣ್ಣೆ, ಕರಾವಳಿಯವರಿಗೆ ಕೊಬ್ಬರಿ ಎಣ್ಣೆ, ಬಯಲುಸೀಮೆಯ ಉತ್ತರಕ್ಕೆ ಕುಸುಬೆ ಎಣ್ಣೆ ರೂಢಿ. ಯಾವುದಾದರೂ ಸರಿ, ಬೋಂಡ ಕರಿದರೆ ಬೋಂಡವೇ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಗಾಣದ್ದೂ ಹಾಳು.

ಬೆಲ್ಲ, ಪಾನಕ, ಎಳನೀರು

ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಬೆಲ್ಲದಲ್ಲಿ ಚೂರು ಕಬ್ಬಿಣ, ಖನಿಜ ಇದೆ, ಆದರೆ ಕಾಫಿಗೆ ಹಾಕುವಷ್ಟರಲ್ಲಿ ಅದು ಎಷ್ಟು ಬಂದೀತು? ಆರೋಗ್ಯಕ್ಕೆ ಒಳ್ಳೇದು ಅಂತ ಎರಡು ಚೂರು ಜಾಸ್ತಿ ಹಾಕಿಕೊಂಡರೆ ಸಕ್ಕರೆಯೇ ವಾಸಿ. ರುಚಿಗಾಗಿ ಬೆಲ್ಲ ಆರಿಸಿ, ಕಪ್ಪನೆಯದು ಆರಿಸಿ. ಹಳದಿ ಬಂಗಾರದಂತೆ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಿಸುವ ರಾಸಾಯನಿಕವಾದ ಹೈಡ್ರೋಸ್ ಪುಡಿ ಹಾಕಿರುವ ಸಾಧ್ಯತೆ ಜಾಸ್ತಿ. ಹಳೆಯ ಪದ್ಧತಿಯ ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಬಳಸುತ್ತಾರೆ, ಅದರ ಬೆಲ್ಲ ಇಷ್ಟು ಚಂದ ಕಾಣುವುದಿಲ್ಲ. ಮಲೆನಾಡಿನ ಜೋನಿ ಬೆಲ್ಲ ಸಿಕ್ಕರೆ ನೀರುದೋಸೆ ಜೊತೆ ಬಿಡಬೇಡಿ, ಅದು ಬೇರೆ ವಿಷಯ.

ಕುಡಿಯುವುದರಲ್ಲಿ ಆಯ್ಕೆ ಸುಲಭ. ಒಂದು ಸಣ್ಣ ಬಾಟಲಿ ಕೋಲಾದಲ್ಲಿ, ಅಂದರೆ 250 ಮಿಲಿಲೀಟರ್‌ನಲ್ಲಿ, 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ದಿನಕ್ಕೆ ಅಷ್ಟರೊಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೇ 25 ಗ್ರಾಂ. ನೀರುಮಜ್ಜಿಗೆ ಮೊದಲ ಆಯ್ಕೆ, ಎಳನೀರು ಎರಡನೆಯದು. ಕಿಡ್ನಿ ತೊಂದರೆ ಇದ್ದವರು ಎಳನೀರಿಗೆ ಮುಂಚೆ ವೈದ್ಯರನ್ನು ಕೇಳಬೇಕು, ಪೊಟ್ಯಾಸಿಯಂ ಜಾಸ್ತಿ. ಪಾನಕ, ಪುನರ್ಪುಳಿ ಶರಬತ್ತು ನಮ್ಮವೇ ಆದರೂ ಸಿಹಿ ಪಾನೀಯಗಳೇ.

ಹೊಸದು ಗೆಲ್ಲುವ ಕಡೆ

ಉಪ್ಪಿನಲ್ಲಿ ಅಯೋಡಿನ್ ಬೆರೆಸಿದ ಪೊಟ್ಟಣದ ಉಪ್ಪೇ ಬೇಕು. ಅಯೋಡಿನ್ ಕಡಿಮೆಯಾದರೆ ಗಳಗಂಡ, ಗರ್ಭದಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆಗೆ ಪೆಟ್ಟು. ಗುಲಾಬಿ ಉಪ್ಪು, ಕಲ್ಲುಪ್ಪು ನೋಡಲು ಚಂದ, ಆದರೆ ಅಯೋಡಿನ್ ಸೇರಿಸಿಲ್ಲದಿದ್ದರೆ ದಿನನಿತ್ಯಕ್ಕೆ ಬೇಡ. ಹಾಲೂ ಅಷ್ಟೇ, ಪಾಶ್ಚರೀಕರಿಸಿದ್ದು ಅಥವಾ ಚೆನ್ನಾಗಿ ಕಾಯಿಸಿದ್ದು.

ಊರಿನದು ಅಂದ ಮಾತ್ರಕ್ಕೆ ಎಲ್ಲವೂ ದಿನಾ ತಿನ್ನುವ ಊಟವೂ ಅಲ್ಲ. ಬೆಳಗಾವಿ ಕುಂದಾ, ಧಾರವಾಡ ಪೇಡ, ಮೈಸೂರ್ ಪಾಕ್ ನಮ್ಮ ಹೆಮ್ಮೆ, ಸಿಹಿಯೂ ಹೌದು. ಬೇಕರಿಯ ಖಾರಾ ಬನ್ನು ಎಷ್ಟೇ ನಮ್ಮದೆನಿಸಿದರೂ ಮೈದಾ ಮತ್ತು ಕೊಬ್ಬು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯಲ್ಲಿ ಉಪ್ಪು ವಿಪರೀತ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎಂಬುದು ಸಲಹೆ, ಒಂದು ಟೀ ಚಮಚದಷ್ಟು. ಬಿಪಿ ಇರುವವರ ತಟ್ಟೆಯಲ್ಲಿ ಚಿಪ್ಸ್ ತೆಗೆದು ಹಪ್ಪಳ ಇಟ್ಟರೆ ಏನೂ ಬದಲಾಗುವುದಿಲ್ಲ.

ಎಲ್ಲಿಂದ ಶುರು ಮಾಡುವುದು

ಮನೆಯ ಪೊಟ್ಟಣದ ತಿಂಡಿ ಜಾಸ್ತಿ ಖಾಲಿಯಾಗುವುದು ಸಂಜೆ ನಾಲ್ಕರಿಂದ ಆರರೊಳಗೆ. ಮಕ್ಕಳು ಶಾಲೆಯಿಂದ, ದೊಡ್ಡವರು ಕೆಲಸದಿಂದ ಹಸಿದು ಬರುವ ಹೊತ್ತು. ಮೂರು ಹೊತ್ತಿನ ಊಟ ಬದಲಿಸುವ ಮುಂಚೆ ಈ ಎರಡು ಗಂಟೆ ಬದಲಿಸಿ. ಚಿಪ್ಸ್ ಡಬ್ಬಿಯ ಜಾಗದಲ್ಲಿ ದಾವಣಗೆರೆ ಮಂಡಕ್ಕಿ ಇಡಿ. ಅದಕ್ಕೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹುರಿದ ಶೇಂಗಾ, ಪುಟಾಣಿ (ಹುರಿಗಡಲೆ) ಸೇರಿಸಿದರೆ ಗಿರ್ಮಿಟ್ಟಿನ ಹತ್ತಿರ ಬರುತ್ತದೆ. ಬರೀ ಮಂಡಕ್ಕಿಯಲ್ಲಿ ಹುರುಳಿಲ್ಲ, ಶೇಂಗಾ ಬೇಕೇ ಬೇಕು. ನೂಡಲ್ಸ್ ಕೇಳುವ ದಿನ ತೆಳು ಅವಲಕ್ಕಿಗೆ ಒಗ್ಗರಣೆ ಹಾಕಿ. ನೂಡಲ್ಸ್‌ಗಿಂತ ಬೇಗ ಆಗುತ್ತದೆ.

ನೂಡಲ್ಸ್ ಪೂರ್ತಿ ನಿಷೇಧ ಮಾಡಬೇಡಿ. ಹಾಗೆ ಮಾಡಿದ ಮನೆಯ ಮಕ್ಕಳು ಗೆಳೆಯರ ಮನೆಯಲ್ಲಿ ಎರಡು ಪ್ಲೇಟ್ ತಿನ್ನುತ್ತಾರೆ. ವಾರಕ್ಕೊಮ್ಮೆ ಮಾಡಿ, ಮಸಾಲೆ ಪೊಟ್ಟಣ ಅರ್ಧ ಹಾಕಿ, ಬೀನ್ಸ್ ಕ್ಯಾರೆಟ್ ಜಾಸ್ತಿ ಹಾಕಿ.

ಹುರಿಹಿಟ್ಟನ್ನು ಮನೆಯಲ್ಲೇ ಮಾಡಬೇಕು ಅಂತಿಲ್ಲ, ಮಹಿಳಾ ಸ್ವಸಹಾಯ ಸಂಘಗಳು ಮಾಡಿ ಮಾರುತ್ತವೆ. ಪಟ್ಟಿಯಲ್ಲಿ ಸಕ್ಕರೆ, ಹಾಲಿನ ಪುಡಿ ಬೆರೆಸದ ಬರೀ ರಾಗಿಯದ್ದೇ ಕೇಳಿ, ಅರ್ಧ ಕಿಲೋಗಿಂತ ಜಾಸ್ತಿ ಬೇಡ. ಇಡೀ ರಾಗಿ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹಿಂದೆ ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬೀಸಿದ ಮೇಲೆ ಆ ಬಾಳಿಕೆ ಇರಲ್ಲ. ಸಜ್ಜೆ ಹಿಟ್ಟಂತೂ ಕೆಲವೇ ದಿನದಲ್ಲಿ ಕಹಿ ಹಿಡಿಯುತ್ತದೆ, ಅದನ್ನು ವಾರಕ್ಕಾಗುವಷ್ಟೇ ಬೀಸಿಸಿ. ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ, ಹಿಟ್ಟು ಮುಗ್ಗಲು ವಾಸನೆ ಬಂದರೆ ಚೆಲ್ಲಿಬಿಡಿ.